ಆಮ್ಲಜನಕ ಕೊಟ್ಟರೆ ಗಡ್ಡೆ ಕರಗುತ್ತದೆಯೇ?

ಪ್ರಶ್ನೆ: ಕಾಟನ್‌ಪೇಟೆಯ ಔಷಧ ಸಗಟು ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ನನ್ನದು. ನಮ್ಮಣ್ಣನಿಗೆ 38 ವರ್ಷ. ಎರಡೂ ಮೂತ್ರಪಿಂಡಗಳಲ್ಲಿ ಗಡ್ಡೆ ಇದೆ, ಬಯಾಪ್ಸಿಯಲ್ಲಿ ‘ಕ್ಲಿಯರ್ ಸೆಲ್’ ಕ್ಯಾನ್ಸರ್ ಎಂದು ಬಂದಿದೆ. ತಂದೆ ತೀರಿಕೊಂಡದ್ದು ಮಿದುಳಿನ ಗಡ್ಡೆಯಿಂದ. ಗಡ್ಡೆಗೆ ಆಮ್ಲಜನಕ ಸಾಲದೆ ಹೀಗಾಗುತ್ತದೆ, ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಡಿಸಿ ಎಂದು ಪರಿಚಿತರು ಹೇಳುತ್ತಾರೆ. ಅಂಗಡಿಗೆ ಬರುವ ಮೆಡಿಕಲ್ ರೆಪ್ ಒಬ್ಬರು ಬೆಲ್ಜುಟಿಫಾನ್ ಎಂಬ ಮಾತ್ರೆಯ ಹೆಸರು ಹೇಳಿದರು. ಯಾವುದನ್ನು ನಂಬಲಿ?

ಉತ್ತರ: ರೆಪ್ ಹೇಳಿದ್ದರಲ್ಲಿ ಹುರುಳಿದೆ. ಆಮ್ಲಜನಕದ ಕೋಣೆಗೆ ದುಡ್ಡು ಸುರಿಯಬೇಡಿ.

ಗಡ್ಡೆಗೆ ಆಮ್ಲಜನಕ ಸಾಲದು ಎಂಬುದೇನೋ ನಿಜ. ರಕ್ತನಾಳದಿಂದ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ ಹೋಗುವಷ್ಟರಲ್ಲೇ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಜೀವಕೋಶದೊಳಗೆ ಹಿಫ್ ಎಂಬ ಪ್ರೋಟೀನು ಶೇಖರವಾಗಿ, ಹೊಸ ರಕ್ತನಾಳ ಬೆಳೆಸು, ಕೆಂಪು ರಕ್ತಕಣ ಹೆಚ್ಚಿಸು ಎಂದು ಅಪ್ಪಣೆ ಕೊಡುತ್ತದೆ. ಕೈಲಾಸ ಮಾನಸ ಸರೋವರಕ್ಕೆ ಹೋದವರ ದೇಹ ಆ ಎತ್ತರಕ್ಕೆ ಒಗ್ಗಿಕೊಳ್ಳುವುದೂ ಇದರಿಂದಲೇ. ಆಮ್ಲಜನಕ ಸಾಕಷ್ಟಿದ್ದಾಗ ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಹಿಫ್ ಅನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಈ ಗುಟ್ಟು ಬಿಡಿಸಿದ ಕೆಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಕ್ಲಿಯರ್ ಸೆಲ್ ಕ್ಯಾನ್ಸರಿನಲ್ಲಿ ಬಹುಪಾಲು ಕೆಟ್ಟಿರುವುದು ಈ ವಿಎಚ್‌ಎಲ್ ವಂಶವಾಹಿಯೇ. ಕಾವೇರಿ ನೀರು ಬಂದು ಸಂಪು ತುಂಬಿದ್ದರೂ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತಲೇ ಇರುವ ಮನೆಯ ಹಾಗೆ, ಆಮ್ಲಜನಕ ಇದ್ದರೂ ಆ ಕೋಶಗಳು ‘ಇಲ್ಲ’ ಎಂದೇ ನಡೆದುಕೊಳ್ಳುತ್ತವೆ. ಹೊರಗಿನಿಂದ ಎಷ್ಟು ತುಂಬಿದರೂ ಅಪ್ಪಣೆ ನಿಲ್ಲುವುದಿಲ್ಲ. ಒತ್ತಡದ ಆಮ್ಲಜನಕಕ್ಕೆ ಬೇರೆ ಉಪಯೋಗಗಳಿವೆ. ಮೂತ್ರಪಿಂಡದ ಗಡ್ಡೆ ಕರಗಿಸುವುದು ಅವುಗಳಲ್ಲಿ ಸೇರಿಲ್ಲ.

ಬೆಲ್ಜುಟಿಫಾನ್ ಹಿಫ್‌ನ ಒಂದು ಬಗೆಯಾದ ಹಿಫ್-2 ಪ್ರೋಟೀನಿನ ಪೊಟರೆಯೊಂದರಲ್ಲಿ ಕೂತು, ಅದು ತನ್ನ ಜೊತೆಗಾರ ಪ್ರೋಟೀನನ್ನು ಕೂಡದಂತೆ ತಡೆಯುತ್ತದೆ. ಹುಟ್ಟಿನಿಂದಲೇ ವಿಎಚ್‌ಎಲ್ ದೋಷವಿದ್ದ 61 ಜನರಿಗೆ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿಯ ಮೂತ್ರಪಿಂಡದ ಗಡ್ಡೆ ಗಣನೀಯವಾಗಿ ಕುಗ್ಗಿತು. ಅಮೆರಿಕದಲ್ಲಿ 2021ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಬೇರೆ ಔಷಧಗಳಿಗೆ ಬಗ್ಗದೆ ಹರಡಿದ ಕ್ಯಾನ್ಸರಿನಲ್ಲಿ ನಡೆಸಿದ ಪ್ರಯೋಗದಲ್ಲಿ ಗಡ್ಡೆ ಕುಗ್ಗಿದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ಆಯಸ್ಸು ಹೆಚ್ಚಿತೆಂದು ಆ ಪ್ರಯೋಗದಲ್ಲಿ ಸಾಬೀತಾಗಲೂ ಇಲ್ಲ. ಆಮ್ಲಜನಕದ ಕೊರತೆಯನ್ನೇ ಗುರಿಯಾಗಿಸಿ ಎಲ್ಲ ಗಡ್ಡೆಗಳಿಗೂ ಒಂದೇ ಮದ್ದು ಎಂದು ಹೊರಟ ಔಷಧಗಳು ಹೆಚ್ಚಾಗಿ ಸೋತಿವೆ. ಎವೋಫಾಸ್ಫಮೈಡ್ 2015ರಲ್ಲಿ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿದ್ದುಹೋಯಿತು. ಬೆಲ್ಜುಟಿಫಾನ್ ಗೆದ್ದದ್ದು ದೋಷ ಹಿಫ್‌ನ ಹಾದಿಯಲ್ಲೇ ಇದ್ದುದರಿಂದ.

ಅಡ್ಡಪರಿಣಾಮಗಳೂ ಹಿಫ್ ಮಾಡುವ ಕೆಲಸ ನಿಲ್ಲುವುದರಿಂದಲೇ ಹುಟ್ಟುತ್ತವೆ. ಹಿಮೋಗ್ಲೋಬಿನ್ ಇಳಿಯುತ್ತದೆ, ಕೆಲವರಿಗೆ ರಕ್ತದ ಆಮ್ಲಜನಕವೂ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇಲ್ಲಿ ಕೆಲಸಕ್ಕೆ ಬಂದೀತು. ಭ್ರೂಣಕ್ಕೆ ಹಾನಿಯಾಗುವುದರಿಂದ ಗರ್ಭಿಣಿಯರಿಗೆ ಕೊಡಬಾರದು, ಗಂಡಸರೂ ಗರ್ಭನಿರೋಧಕ ಬಳಸಬೇಕು. ಸಗಟು ಅಂಗಡಿಯಲ್ಲಿದ್ದೀರೆಂದು ನೀವೇ ತರಿಸಿ ಕೊಡುವ ಮಾತ್ರೆ ಇದಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರೆಯ ವಿಷಯವಲ್ಲ. ಚಿಕ್ಕ ವಯಸ್ಸು, ಎರಡೂ ಮೂತ್ರಪಿಂಡ, ತಂದೆಗೆ ಮಿದುಳಿನ ಗಡ್ಡೆ: ಈ ಮೂರೂ ಕೂಡಿದರೆ ಮನೆತನದಲ್ಲೇ ವಿಎಚ್‌ಎಲ್ ದೋಷ ಇರಬಹುದು. ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ನಿಮಗೂ ಬಂದಿರಬಹುದು. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಣ್ಣನ ವಂಶವಾಹಿ ಪರೀಕ್ಷೆಯ ಬಗ್ಗೆ ಮೊದಲು ಕೇಳಿ. ದೋಷ ಕಂಡರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಈ ಕಾಯಿಲೆ ಎಷ್ಟೋ ಸಲ ಕಣ್ಣಿನ ಅಕ್ಷಿಪಟಲದಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಮಿಂಟೋ ಆಸ್ಪತ್ರೆ ನಿಮಗೆ ಹತ್ತಿರವೇ, ಕಣ್ಣಿಗೆ ಹನಿ ಹಾಕಿಸಿ ತೋರಿಸಿಕೊಳ್ಳಿ. ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ಮೂತ್ರಪಿಂಡ ಉಳಿಸಿ ಗಡ್ಡೆಯಷ್ಟನ್ನೇ ತೆಗೆಯಬಹುದು.

ಪ್ರಶ್ನೆ: ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಅಮ್ಮನಿಗೆ ರಕ್ತಹೀನತೆಗೆಂದು ಡೆಸಿಡುಸ್ಟಾಟ್ ಮಾತ್ರೆ ಬರೆದಿದ್ದಾರೆ. ಅದು ಹಿಫ್ ಹೆಚ್ಚಿಸುತ್ತದಂತೆ. ಕ್ಯಾನ್ಸರ್ ಬರುವುದಿಲ್ಲವೇ ಡಾಕ್ಟರೇ? (ಚಾಮರಾಜಪೇಟೆ)

ಉತ್ತರ: ಹೌದಮ್ಮಾ, ಇದು ಹಿಫ್ ಹೆಚ್ಚಿಸುತ್ತದೆ, ಮೇಲಿನ ಮಾತ್ರೆಗೆ ತದ್ವಿರುದ್ಧ. ಅಹಮದಾಬಾದಿನ ಜೈಡಸ್ ಕಂಪನಿಯದು, ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಹಿಫ್ ನಾಶವಾಗದಂತೆ ತಡೆದು ರಕ್ತ ಹೆಚ್ಚಿಸುತ್ತದೆ. ವಾರಕ್ಕೆ ಮೂರು ಸಲ ಮಾತ್ರ ಕೊಡುವುದರಿಂದ ಹಿಫ್ ಸದಾ ಏರಿರುವುದಿಲ್ಲ; ವಿಎಚ್‌ಎಲ್ ದೋಷದಲ್ಲಿ ಅದು ಹಗಲಿರುಳೂ ಏರಿರುತ್ತದೆ. ಮಾತ್ರೆಯಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹಾಗಿದ್ದೂ ಈ ಗುಂಪಿನ ಮಾತ್ರೆಗಳನ್ನು ಕ್ಯಾನ್ಸರ್ ಇರುವವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ, ಹಿಂಜರಿಯಬೇಕು ಕೂಡ. ಅಮ್ಮನಿಗೆ ಹಿಂದೆ ಯಾವುದೇ ಗಡ್ಡೆ ತೆಗೆದಿದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ಆ ಹಳೆಯ ರಿಪೋರ್ಟುಗಳನ್ನು ಮೂತ್ರಪಿಂಡ ತಜ್ಞರಿಗೆ ತೋರಿಸಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.