ಸುಡೊಕು ರಚನೆ: ಹೊಸಬರಿಗೆ ನಾಲ್ಕರ ಚೌಕ

ಸುಡೊಕು ಬಿಡಿಸುವ ಮಕ್ಕಳು ಎಲ್ಲ ತರಗತಿಗಳಲ್ಲೂ ಸಿಗುತ್ತಾರೆ, ರಚಿಸುವವರು ವಿರಳ. ಅತಿ ಕಡಿಮೆ ಸುಳಿವಿನ ಸುಡೊಕು ರಚಿಸುವ ಸ್ಪರ್ಧೆಯನ್ನು ಗಣಿತ ಸಂಘದಲ್ಲಿ 9×9ರಿಂದಲೇ ಆರಂಭಿಸಿದರೆ ಕೊನೆಗೆ ಉಳಿಯುವುದು ಇಬ್ಬರೋ ಮೂವರೋ. ಅಲ್ಲಿ ಕನಿಷ್ಠ ಸುಳಿವು 17. ಹದಿನಾರು ಸಾಲದೆಂದು 2012ರಲ್ಲಿ ತೋರಿಸಲು ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ತಂಡಕ್ಕೂ ಕಂಪ್ಯೂಟರ್ ಬೇಕಾಯಿತು!

4×4ರಲ್ಲಿ ಕನಿಷ್ಠ ಸುಳಿವು 4. ಖಾಲಿ ಚೌಕ ಕೊಡಬೇಡಿ, ತುಂಬಿದ್ದನ್ನೇ ಕೊಡಿ. ಸಾಲುಗಳು ಹೀಗಿರಲಿ: 1234, 3412, 2143, 4321. ಮಗು ಒಂದೊಂದೇ ಅಂಕಿ ಅಳಿಸಲಿ. ಪಕ್ಕದವರು ಬಿಡಿಸಿ ನೋಡಲಿ. ಎರಡು ಉತ್ತರ ಬಂದರೆ ಅಳಿಸಿದ್ದನ್ನು ಮರಳಿ ಬರೆದು, ಬೇರೊಂದನ್ನು ಅಳಿಸಬೇಕು.

ಗಣಿತ ಶುರುವಾಗುವುದು ಇಲ್ಲಿ. ಒಂದನೇ ಮತ್ತು ಮೂರನೇ ಸಾಲುಗಳ ಮೊದಲೆರಡು ಮನೆಗಳನ್ನು ನೋಡಿ: ಮೇಲೆ 1, 2, ಕೆಳಗೆ 2, 1. ನಾಲ್ಕನ್ನೂ ಅಳಿಸಿದರೆ, ಅದಲುಬದಲು ಮಾಡಿ ತುಂಬಿದರೂ ಅಡ್ಡಸಾಲು, ಕಂಬಸಾಲು, 2×2 ಪೆಟ್ಟಿಗೆ ಯಾವುದರಲ್ಲೂ ಅಂಕಿ ಮರುಕಳಿಸದು. ಆದ್ದರಿಂದ ಅವುಗಳಲ್ಲಿ ಒಂದಾದರೂ ಉಳಿಯಲೇಬೇಕು. ಒಂದರ ಮನೆ ಇನ್ನೊಂದಕ್ಕೆ ಸೇರದ ಇಂಥ ಗುಂಪುಗಳು ಈ ಚೌಕದಲ್ಲಿ ನಾಲ್ಕಿವೆ. ಹಾಗಾಗಿ ನಾಲ್ಕಕ್ಕಿಂತ ಕೆಳಗಿಳಿಯಲಾಗದು. ಕಂಪ್ಯೂಟರ್ ಇಲ್ಲದೆ, ಎಂಟನೇ ತರಗತಿಯವರು ತಾವೇ ಕೊಡಬಲ್ಲ ಸಾಧನೆಯಿದು. ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ರುಚಿ ಕೆಡುತ್ತದೆ.

ಬಹುಮಾನ ಮಾತ್ರ ಅತಿ ಕಡಿಮೆ ಸುಳಿವಿಗೇ ಮೀಸಲಾಗುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ಸುಳಿವಿನದಾದರೂ ಉತ್ತರ ಒಂದೇ ಇದ್ದರೆ, ರಚಿಸಿದವರ ಹೆಸರಿನೊಂದಿಗೆ ಫಲಕಕ್ಕೆ ಹಾಕಬೇಕು. ಮುಂದಿನ ವಾರ ಅದೇ ಮಗು ಅದನ್ನು ಎಂಟಕ್ಕೆ ಇಳಿಸಿದರೆ ಆ ಎರಡಕ್ಕೇ ಅಂಕ ಕೊಡಿ.