ಹಾಡಿನ ಪೆಟ್ಟಿಗೆಯ ಗಟ್ಟಿತನವನ್ನು ಪರೀಕ್ಷಿಸುವ ಬಗೆ

ಸೊಲ್ಲಾಪುರದ ಚಾದರ ಕೊಳ್ಳುವವರು ಮೇಲಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಮಡಿಕೆ ಬಿಚ್ಚಿ ತಿರುವಿ ನೋಡುತ್ತಾರೆ, ಅಂಚನ್ನು ಎಳೆದು ನೋಡುತ್ತಾರೆ, ನೇಯ್ಗೆಯ ಬಿಗಿಯನ್ನು ಬೆರಳಿನಿಂದ ಅರಿಯುತ್ತಾರೆ. ಆದರೆ ಅದೇ ಜನ ಹಾಡಿನ ಪೆಟ್ಟಿಗೆ ಕೊಳ್ಳುವಾಗ ಹೊಳಪು, ಮಿನುಗುವ ದೀಪ, ದೊಡ್ಡ ದನಿ ಇಷ್ಟನ್ನೇ ನೋಡಿ ಹಣ ಎಣಿಸಿಬಿಡುತ್ತಾರೆ. ಹೀಗೇಕೆ? ಬಟ್ಟೆಯ ಗುಣ ನಮಗೆ ಗೊತ್ತು. ಯಂತ್ರದ ಗುಣ ಗೊತ್ತಿಲ್ಲ. ವಿಜ್ಞಾನ ಕಲಿಯುವ ನಾವು ಇದನ್ನು ತಿಳಿದು ಮನೆಯವರಿಗೂ ತಿಳಿಸಬೇಕು.

ಮೆಮರಿ ಕಾರ್ಡ್ ಅಥವಾ ಪೆನ್‌ಡ್ರೈವ್ ಹಾಕಿ ಹಾಡು ಕೇಳುವ, ಎಫ್.ಎಂ. ರೇಡಿಯೋ ಸಹ ಇರುವ ಚಿಕ್ಕ ಉಪಕರಣವನ್ನೇ ನಾವಿಲ್ಲಿ ಹಾಡಿನ ಪೆಟ್ಟಿಗೆ ಎನ್ನುತ್ತೇವೆ. ಮೊಬೈಲ್ ಬಂದ ಮೇಲೂ ಇದರ ಬಳಕೆ ನಿಂತಿಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರಿಗೆ, ಅಕ್ಕಲಕೋಟೆ ಭಾಗದ ಹೊಲಗಳಲ್ಲಿ ಜೋಳ ಕಾಯುವ ಹಿರಿಯರಿಗೆ ಕಣ್ಣು, ಕೈ ಎರಡೂ ಕೆಲಸದಲ್ಲಿರುತ್ತವೆ. ಕಿವಿಯೊಂದೇ ಬಿಡುವಾಗಿರುತ್ತದೆ. ವಚನ, ಭಜನೆ, ತತ್ವಪದಗಳು ಅವರ ದಣಿವನ್ನು ಕಳೆಯುತ್ತವೆ. ಆದರೆ ಪೆಟ್ಟಿಗೆಗೆ ಕೊಟ್ಟ ನೂರಾರು ರೂಪಾಯಿ ಹಲವು ದಿನಗಳ ದುಡಿಮೆ. ಅದು ಆರು ತಿಂಗಳಲ್ಲಿ ಮೂಕವಾದರೆ ಆ ದುಡಿಮೆ ಮಣ್ಣುಪಾಲಾದಂತೆಯೇ.

ಕೆಡುವುದು ಎಲ್ಲಿ?

ಸೋನಿ ಕಂಪನಿಯ ವಾಕ್‌ಮನ್ 1979ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಅಂದಿನ ಕ್ಯಾಸೆಟ್ ಯಂತ್ರಗಳಲ್ಲಿ ಮೋಟಾರು, ರಬ್ಬರ್ ಬೆಲ್ಟು, ಗಾಲಿಗಳು ತಿರುಗುತ್ತಿದ್ದವು. ಬೆಲ್ಟು ಸಡಿಲಾದರೆ ಹಾಡು ಎಳೆದಂತೆ ಕೇಳುತ್ತಿತ್ತು. ಇಂದಿನ ಪೆಟ್ಟಿಗೆಯಲ್ಲಿ ತಿರುಗುವ ಭಾಗವೇ ಇಲ್ಲ. ಹಾಡನ್ನು ಓದುವ ಚಿಪ್ಪು ಸುಲಭವಾಗಿ ಸವೆಯುವುದಿಲ್ಲ. ಹಾಗಾದರೆ ಕೆಡುವುದು ಯಾವುದು? ಒಂದು ಭಾಗ ಇನ್ನೊಂದನ್ನು ಸೇರುವ ಜಾಗ. ಚಾರ್ಜರ್ ಪಿನ್ನು ಸೇರುವ ಕಿಂಡಿ, ಗುಂಡಿಯ ಬುಡ, ತಂತಿಯ ಬೆಸುಗೆ, ಬ್ಯಾಟರಿಯ ತಗಡು, ಕವಚದ ಕೂಡುಗೆರೆ ಇವೇ ಆ ಜಾಗಗಳು.

ಇದಕ್ಕೊಂದು ಲೆಕ್ಕವನ್ನು ನೋಡೋಣ. ಮೈಕ್ರೋ ಯು.ಎಸ್.ಬಿ. ಕಿಂಡಿಯು 10,000 ಸಲ ಪಿನ್ನು ಹಾಕಿ ತೆಗೆದರೂ ತಾಳಬೇಕೆಂಬುದು ಅದರ ಮಾನದಂಡ. ದಿನಕ್ಕೆ ಒಂದು ಸಲ ಚಾರ್ಜ್ ಮಾಡಿದರೆ 27 ವರ್ಷಗಳಾಯಿತು! ಆದರೂ ಅಗ್ಗದ ಪೆಟ್ಟಿಗೆಗಳ ಕಿಂಡಿ ಬೇಗ ಅಲುಗಾಡುವುದುಂಟು. ಕಿಂಡಿಯ ಕಾಲುಗಳನ್ನು ಸರ್ಕಿಟ್ ಬೋರ್ಡಿನ ರಂಧ್ರಗಳಲ್ಲಿ ಇಳಿಸಿ ಬೆಸೆದಿದ್ದರೆ ಅದು ನಿಲ್ಲುತ್ತದೆ. ಬರಿಯ ಮೇಲ್ಮೈಗೆ ಅಂಟಿಸಿದಂತೆ ಬೆಸೆದಿದ್ದರೆ, ಪಕ್ಕಕ್ಕೆ ಬೀಳುವ ಒತ್ತಡಕ್ಕೆ ಬೆಸುಗೆ ಕಿತ್ತು ಬರುತ್ತದೆ. ಸಾಮಾನು ಒಳ್ಳೆಯದಾಗಿದ್ದು, ಕೂಡಿಸಿದ ರೀತಿ ಕೆಟ್ಟದಾಗಿದ್ದರೆ ಫಲವಿಲ್ಲ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ಪೆಟ್ಟಿಗೆಯನ್ನು ಕಿವಿಯ ಬಳಿ ಮೆಲ್ಲಗೆ ಅಲುಗಾಡಿಸಬೇಕು. ಒಳಗೆ ಗಲಗಲ ಸದ್ದು ಬಂದರೆ ಏನೋ ಬಿಗಿಯಾಗಿ ಕುಳಿತಿಲ್ಲವೆಂದೇ ಅರ್ಥ. ಭಾರವಿದ್ದ ಮಾತ್ರಕ್ಕೆ ಗಟ್ಟಿಯೆಂದು ನಂಬಬಾರದು.

2. ಕವಚದ ಕೂಡುಗೆರೆಯ ಮೇಲೆ ಉಗುರು ಎಳೆದು ನೋಡಬೇಕು. ಸಂದು ಒಂದೇ ಸಮನಾಗಿರಬೇಕು. ಸಂದಿದ್ದಲ್ಲಿ ಜೋಳದ ರಾಶಿಯ ಧೂಳು ಒಳಸೇರುವುದು. ಅಂಟಿಗಿಂತ ತಿರುಪು ಹಾಕಿದ ಕವಚ ಮೇಲು. ರಿಪೇರಿಯವನು ಅದನ್ನು ಬಿಚ್ಚಬಲ್ಲ.

3. ಪ್ರತಿ ಗುಂಡಿಯನ್ನು ಹತ್ತು ಸಲ ಒತ್ತಬೇಕು. ಪ್ರತಿ ಸಲವೂ ಒಂದೇ ರೀತಿ 'ಟಕ್' ಎನ್ನಬೇಕು.

4. ಹಾಡು ನಡೆಯುತ್ತಿರುವಾಗ ಇಯರ್‌ಫೋನ್ ಪಿನ್ನು ಹಾಕಿ ಹಗುರವಾಗಿ ತಿರುಗಿಸಬೇಕು. ದನಿ ಕಡಿದು ಕಡಿದು ಬಂದರೆ ಆ ಪೆಟ್ಟಿಗೆ ಬೇಡ.

5. ಗೊತ್ತಿರುವ ಒಂದು ಹಾಡನ್ನು ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಪೂರ್ಣ ದನಿಯಲ್ಲಿ ಕೇಳಬೇಕು. ಸಣ್ಣ ದನಿಯಲ್ಲಿ ಮಾತು ಸ್ಪಷ್ಟವಾಗಿರಬೇಕು. ದೊಡ್ಡ ದನಿಯಲ್ಲಿ ಕವಚ ಗುಂಯ್‌ಗುಡಬಾರದು.

ಬರೆದ ಅಂಕಿಗಳನ್ನು ನಂಬಬಹುದೇ?

ಬ್ಯಾಟರಿಯ ಮೇಲೆ 3.7 ವೋಲ್ಟ್, 1200 ಮಿಲಿ ಆಂಪಿಯರ್-ಗಂಟೆ ಎಂದಿದೆ ಎನ್ನೋಣ. 3.7 × 1.2 = 4.44 ವ್ಯಾಟ್-ಗಂಟೆ. ಡಬ್ಬದ ಮೇಲೆ 20 ವ್ಯಾಟ್ ಎಂದು ಬರೆದಿದ್ದರೆ, ಅಷ್ಟು ಶಕ್ತಿಯಿಂದ ಹಾಡಿದಾಗ ಬ್ಯಾಟರಿ ಸುಮಾರು 13 ನಿಮಿಷಗಳಲ್ಲಿಯೇ ಮುಗಿಯಬೇಕು. ಅದೇ ಡಬ್ಬದ ಮೇಲೆ 'ಆರು ಗಂಟೆ ಹಾಡುತ್ತದೆ' ಎಂದೂ ಇದ್ದರೆ ಎರಡೂ ಮಾತು ಒಟ್ಟಿಗೆ ನಿಜವಾಗಲಾರವು. ಹಾಗೆಯೇ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್ಲಿಗೆ, ಒಳ್ಳೆಯ ತಯಾರಿಕೆಯಲ್ಲಿಯೂ ಸಾಮಾನ್ಯವಾಗಿ 3500ರ ಆಸುಪಾಸಿನ ಸಾಮರ್ಥ್ಯ. ಅದರ ಮೇಲೆ 9900 ಎಂದಿದ್ದರೆ ಅದು ಸುಳ್ಳು. ಗುಣಾಕಾರ ಬಲ್ಲವನನ್ನು ಮೋಸಗೊಳಿಸುವುದು ಸುಲಭವಲ್ಲ.

ಬ್ಯಾಟರಿ ಬರಿಯ ಹಣದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ನೋಕಿಯಾ ಕಂಪನಿಯು 2007ರಲ್ಲಿ, ಚಾರ್ಜ್ ಮಾಡುವಾಗ ಅತಿಯಾಗಿ ಕಾಯಬಹುದಾದ 4 ಕೋಟಿ 60 ಲಕ್ಷ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟು, ಬದಲಿಸಿಕೊಡಲು ಮುಂದಾಯಿತು. ಅದೇ ಅಳತೆಯ ಬ್ಯಾಟರಿಗಳು ಇಂದಿಗೂ ಅನೇಕ ಅಗ್ಗದ ಪೆಟ್ಟಿಗೆಗಳಲ್ಲಿವೆ. ಹೆಸರಿರುವ ಕಂಪನಿಯಾದರೆ ಕೇಳಲು ಒಂದು ಬಾಗಿಲಿದೆ. ವಿಳಾಸವಿಲ್ಲದ ಮಾಲಿಗೆ ಯಾರನ್ನು ಕೇಳುವುದು? ಆದ್ದರಿಂದ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐ.ಎಸ್. 16046 ಎಂಬ ಬರಹ, 'ಆರ್' ಅಕ್ಷರದ ಮುಂದೆ 8 ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ನೋಡಬೇಕು. ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು. ರಸೀದಿಯನ್ನು ಕೇಳಿ ಪಡೆಯಲೇಬೇಕು.

ಕೊಂಡ ಮೇಲೆಯೂ ಎಚ್ಚರ ಬೇಕು. ನಮ್ಮ ಭಾಗದ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪೆಟ್ಟಿಗೆಯನ್ನು ಬಿಸಿಲಿನಲ್ಲಿಯೋ ಕಾದ ತಗಡಿನ ಕೆಳಗೋ ಇಟ್ಟು ಚಾರ್ಜ್ ಮಾಡಬಾರದು. ಚಪ್ಪಟೆ ಬ್ಯಾಟರಿಯನ್ನು ಆಗಾಗ ತೆಗೆದು ಮೇಜಿನ ಮೇಲಿಟ್ಟು ತಿರುಗಿಸಿ ನೋಡಬೇಕು. ಬುಗುರಿಯಂತೆ ತಿರುಗಿದರೆ ಅದು ಉಬ್ಬಿದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಚುಚ್ಚಬಾರದು, ಬೆಂಕಿಗೆ ಹಾಕಬಾರದು.

ಇಷ್ಟೆಲ್ಲ ನೋಡಲು ಹತ್ತು ನಿಮಿಷ ಸಾಕು. ಅಂಗಡಿಯವರು ಬೇಸರಪಟ್ಟರೂ ನಾವು ನಯವಾಗಿ ಕೇಳಿ ನೋಡಬೇಕು. ಬೆಲೆ ಕಡಿಮೆಯಿರುವುದು ದೋಷವಲ್ಲ. ಕೂಡಿಸುವಲ್ಲಿ ಕಳ್ಳತನ ಮಾಡುವುದು ದೋಷ. ಚಾದರವನ್ನು ಅಂಚಿನಿಂದ ಅಳೆಯುವ ನಾವು ಯಂತ್ರವನ್ನು ಅದರ ಸಂದುಗಳಿಂದ ಅಳೆಯಲು ಕಲಿತರೆ, ಬೆವರಿನ ಹಣ ಉಳಿಯುವುದು. ಮನೆಯ ಹಾಡೂ ನಿಲ್ಲದು.