ಹಾಡು ಬಲ್ಲವರಿಗೇ ಮೊದಲು ಕೇಳಿಸಿ
ಬೀಸುವ ಪದವನ್ನೋ ಗೀಗೀ ಪದವನ್ನೋ ಹಳೆಯ ವಿಡಿಯೋ ಗೇಮಿನ ದನಿಯಲ್ಲಿ, ಅಂದರೆ ಚಿಪ್‌ಟ್ಯೂನ್‌ನಲ್ಲಿ ಕೂಡಿಸಿದ್ದೀರಾ? ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡದ ಗೆಳೆಯರೇ, ಅದನ್ನು ಮೊದಲು ಆ ಪದ ಬಾಯಿಪಾಠ ಇರುವ ಹಿರಿಯರಿಗೆ ಕೇಳಿಸಿ.

ಹಾಡಿನ ಹೆಸರು ಹೇಳಬೇಡಿ. "ಆಯಿ, ಇದ ಯಾವ ಹಾಡಂತ ಗುರ್ತ ಹತ್ತೇತೇನ?" ಎಂದಷ್ಟೇ ಕೇಳಿ. "ಹೆಂಗೈತಿ?" ಅಂದರೆ ಅಕ್ಕರೆಗೆ "ಚಲೋ ಐತಿ" ಅಂದುಬಿಡುತ್ತಾರೆ, ನಿಮಗೆ ತಿದ್ದಲು ಏನೂ ಸಿಗುವುದಿಲ್ಲ. ಗುರುತು ಹತ್ತಿದರೆ ಜೊತೆಗೆ ಹಾಡಲು ಹೇಳಿ. ಅವರ ದನಿ ಎಲ್ಲಿ ತಡವರಿಸಿತೋ ಆ ಜಾಗ ಬರೆದುಕೊಳ್ಳಿ. ಬಹಳ ಸಲ ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾಗ. ನೀವು ಬರೆದ ಸ್ವರಗಳು ಮೆಟ್ಟಿಲು ಹತ್ತಿದಂತೆ ಹೋಗಿರುತ್ತವೆ. ಚಿಪ್‌ಟ್ಯೂನ್ ಕೂಡಿಸುವ ತಂತ್ರಾಂಶವಾದ ಟ್ರ್ಯಾಕರ್‌ನಲ್ಲಿ ಸ್ವರ ಜಾರಿಸುವ ಆಜ್ಞೆ ಇದೆ, ಅಲ್ಲಿ ಅದನ್ನು ಹಾಕಿ.

1989ರಲ್ಲಿ ಬಂದ ಗೇಮ್ ಬಾಯ್ ಎಂಬ ಗೇಮ್ ಯಂತ್ರದ ದನಿಯಲ್ಲಿ ಕೂಡಿಸುವುದಾದರೆ, ಅದಕ್ಕೆ ನಾಲ್ಕೇ ಚಾನೆಲ್: ಎರಡು ಚೌಕ ಅಲೆ, ನಾವೇ ರೂಪಿಸಬಹುದಾದ ಒಂದು ಅಲೆ, ಒಂದು ಗದ್ದಲ. ಗೀಗೀ ಮೇಳಕ್ಕೆ ಇಷ್ಟು ಧಾರಾಳ ಸಾಕು. ಹಾಡುವವರ ದನಿ, ಸೊಲ್ಲು ಎತ್ತುವವರ ದನಿ, ತುಂತುಣಿ, ದಪ್ಪು ನಾಲ್ಕೂ ಕೂತುಕೊಳ್ಳುತ್ತವೆ. ಈ ಜೋಡಣೆ ಸರಿಯೇ ಎಂದು ಟ್ರ್ಯಾಕರ್ ಬಲ್ಲವರನ್ನು ಕೇಳುವಾಗ ಎಂಪಿ3 ಕಳಿಸಬೇಡಿ, ಮೂಲ ಫೈಲನ್ನೇ ಕೊಡಿ. ಒಂದೊಂದೇ ಚಾನೆಲ್ ಮುಚ್ಚಿ ಕೇಳಿದರೆ ಯಾವುದು ಯಾವುದನ್ನು ನುಂಗುತ್ತಿದೆ ಎಂದು ಅವರು ಹೇಳಬಲ್ಲರು.

ನಿಪ್ಪಾಣಿಯಲ್ಲಿ ಕೇಳಿಸಿದರೆ ಯಾರಾದರೂ ಇದೇ ಧಾಟಿಯನ್ನು ಮರಾಠಿಯಲ್ಲಿ ಹಾಡಿಯಾರು. ಹಾಡು ಯಾರದೆಂಬ ವಾದಕ್ಕೆ ನಿಲ್ಲಬೇಡಿ. ಒಪ್ಪಿಗೆ ಕೇಳಿ, ಆ ಹಾಡನ್ನೂ ರೆಕಾರ್ಡ್ ಮಾಡಿಕೊಳ್ಳಿ.